ಮಿಷನ್ ನೋಡುವ ಮೊದಲು ಬೆಲ್ಟ್ ನೋಡಿ

ಕೊನೆಕೊಯ್ಲಿಗೆ ಮುಂಚೆ ಕಳೆ ಹೊಡೆಸುವ ಕೆಲಸ ನಮ್ಮ ಸುತ್ತಲಿನ ತೋಟಗಳಲ್ಲಿ ಶುರುವಾಗಿದೆ. ಬೆಳಿಗ್ಗೆ ಎಂಟರ ಮೇಲೆ ಯಾವ ದಿಕ್ಕಿಗೆ ಕಿವಿ ಕೊಟ್ಟರೂ ವೀಡ್ ಕಟರ್ ಸದ್ದೇ. ಹಾಗಾಗಿ ಬಹಳ ದಿನದಿಂದ ಬರೀಬೇಕು ಅಂತಿದ್ದ ಒಂದು ವಿಷಯ ಈಗಲೇ ಬರೆದುಬಿಡ್ತೇನೆ.

ಮಿಷನ್ ಯಾವ ಕಂಪನಿಯದು, ಎಷ್ಟು ಸಿಸಿ, ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ, ಗಂಟೆಗೆ ಎಷ್ಟು ಪೆಟ್ರೋಲ್ ಕುಡಿಯುತ್ತೆ, ಬ್ಲೇಡ್ ಒಳ್ಳೇದೋ ನೈಲಾನ್ ದಾರ ಒಳ್ಳೇದೋ. ಇದೆಲ್ಲ ನಾವು ಸೊಸೈಟಿ ಕಟ್ಟೆ ಮೇಲೆ ಕೂತು ಗಂಟೆಗಟ್ಟಲೆ ಮಾತಾಡ್ತೇವೆ. ಆ ಮಿಷನ್ ಹೊತ್ತವನ ಮೈಮೇಲೆ ಅದು ಹೇಗೆ ಕೂತಿದೆ ಅಂತ ಮಾತಾಡಿದ್ದು ನಾನು ಕೇಳಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಬೆಲ್ಟ್ ಅನ್ನೋದು ಮಿಷನ್ ಜೊತೆ ಪುಕ್ಕಟೆ ಬರುವ ಸಾಮಾನು ಅಂತ ತಿಳ್ಕೊಂಡಿದ್ದೇವೆ, ನಿಜವಾಗಿ ಅದು ಮಿಷನ್ನಿನ ಅರ್ಧ. ಅದು ಸರಿಯಾಗಿ ಇದೆಯಾ ಅಂತ ನೋಡೋ ಜವಾಬ್ದಾರಿ ತೋಟದ ಯಜಮಾನನದು. ಕೂಲಿಗೆ ಬಂದವನ ತಲೆಗೆ ಕಟ್ಟಬಾರದು.

ಮೊದಲು ಭಾರದ ಲೆಕ್ಕ ನೋಡಿ. ನಮ್ಮ ಕಡೆ ಹೆಚ್ಚಾಗಿ ಇರೋದು ಪಕ್ಕಕ್ಕೆ ನೇತು ಹಾಕುವ ಮಾದರಿ. ಉದ್ದ ಪೈಪು, ಹಿಂದೆ ಇಂಜಿನ್, ಮುಂದೆ ಬ್ಲೇಡು. 35 ಸಿಸಿ ಆಸುಪಾಸಿನ ಮಿಷನ್ ಆದ್ರೆ ಬ್ಲೇಡು, ಗಾರ್ಡು, ಪೆಟ್ರೋಲ್ ಎಲ್ಲ ಸೇರಿ ಏಳೆಂಟು ಕೆಜಿ ಅಂತ ಇಟ್ಕೊಳ್ಳಿ. ಏಳೆಂಟು ಕೆಜಿ ಏನು ಮಹಾ, ಅಡಿಕೆ ಮೂಟೆ ಹೊತ್ತವರು ನಾವು ಅಂತೀರಿ. ಮೂಟೆ ಹೊತ್ತು ಅಂಗಳಕ್ಕೆ ಹಾಕಿದ್ರೆ ಮುಗೀತು. ಇದನ್ನು ಹೊತ್ತುಕೊಂಡು ದಿನಕ್ಕೆ ಐದಾರು ಗಂಟೆ ಎಡಕ್ಕೆ ಬಲಕ್ಕೆ ಬೀಸ್ತಾ ಇರಬೇಕು. ಜೊತೆಗೆ ಇಂಜಿನ್ ನಡುಕ. ಜೊತೆಗೆ ಬಸಿಗಾಲುವೆ ದಾಟೋದು, ಜಾರೋ ನೆಲ, ಬಿದ್ದ ಹೆಡೆ ತುಳಿಯೋದು. ನಿಂತಲ್ಲೇ ಇರುವ ಭಾರಕ್ಕೂ ಬೀಸುವ ಭಾರಕ್ಕೂ ಬಹಳ ವ್ಯತ್ಯಾಸ ಇದೆ.

ಹೆಚ್ಚಿನ ಮಿಷನ್ ಜೊತೆ ಬರುವ ಬೆಲ್ಟ್ ಯಾವುದು? ಒಂದೇ ಪಟ್ಟಿ, ಎಡ ಹೆಗಲಿನ ಮೇಲಿಂದ ಎದೆ ದಾಟಿ ಬಲಗಡೆಗೆ ಜನಿವಾರದ ಹಾಗೆ. ಪೂರಾ ಭಾರ ಎಡ ಹೆಗಲಿನ ಮೇಲೆ, ಕುತ್ತಿಗೆಯ ಬುಡದಲ್ಲಿ ಎರಡು ಇಂಚು ಜಾಗದ ಮೇಲೆ ಬೀಳುತ್ತೆ. ಮಿಷನ್ ಬಲಕ್ಕೆ ಎಳೀತದೆ, ಆಳು ತೂಕ ಸರಿ ಮಾಡ್ಲಿಕ್ಕೆ ಎಡಕ್ಕೆ ವಾಲ್ತಾನೆ. ಬೆನ್ನು ಬಿಲ್ಲಿನ ಹಾಗೆ ಸೊಟ್ಟ. ಸಂಜೆಗೆ ಎಲ್ಲಿ ನೋವು ಅಂತ ಯಾರನ್ನಾದ್ರೂ ಕೇಳಿ ನೋಡಿ, ಎಡ ಕುತ್ತಿಗೆ ಮತ್ತೆ ಬಲ ಸೊಂಟ ಅಂತಾನೆ. ಬೆಲ್ಟು ಹೇಗಿದೆಯೋ ನೋವೂ ಹಾಗೇ ಇರ್ತದೆ.

ನಮ್ಮ ಹಿರಿಯರು ಎತ್ತಿಗೆ ನೊಗ ಇಡುವಾಗ ಏನು ಮಾಡ್ತಿದ್ರು ನೆನಪು ಮಾಡ್ಕೊಳ್ಳಿ. ನೊಗದ ಅಡಿ ಕೈಯಾಡಿಸಿ ಮುಳ್ಳು, ಗಂಟು ಇದೆಯಾ ಅಂತ ನೋಡ್ತಿದ್ರು. ಜೋಡಿಯಲ್ಲಿ ಒಂದು ಎತ್ತು ಕುಳ್ಳಾದ್ರೆ ಕಟ್ಟು ಹೊಂದಿಸ್ತಿದ್ರು. ಹೆಗಲು ಬಾತಿದ್ರೆ ಎಷ್ಟೇ ಕೆಲಸ ಇರಲಿ, ಆ ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿ ಎಣ್ಣೆ ಅರಿಶಿನ ಹಚ್ಚುತ್ತಿದ್ರು. ಹೆಗಲು ಹುಣ್ಣಾದ ಎತ್ತು ಹೂಡಿದವನನ್ನು ಊರೇ ಬೈತಿತ್ತು. ಎತ್ತಿನ ಹೆಗಲಿಗೆ ಇದ್ದ ಮರ್ಯಾದೆ ಮನುಷ್ಯನ ಹೆಗಲಿಗೆ ಯಾಕಿಲ್ಲ ಅನ್ನೋದೇ ನನ್ನ ಪ್ರಶ್ನೆ.

ನಮ್ಮ ಕೇರಿಯಲ್ಲೇ ಒಬ್ಬ ಇದ್ದಾನೆ, ಹೆಸರು ಬೇಡ. ಹತ್ತು ವರ್ಷ ಸೀಸನ್ನಿನಲ್ಲಿ ಇದೇ ಕೆಲಸ. ಅವನು ಹೊಡೆದ ತೋಟ ನೋಡಿದ್ರೆ ಗುಡಿಸಿದ ಅಂಗಳದ ಹಾಗೆ ಇರ್ತಿತ್ತು. ಈಗ ಬಲಗೈ ಬೆರಳು ಜೋಮು ಹಿಡೀತದೆ, ಚಳಿಗಾಲದ ಬೆಳಿಗ್ಗೆ ಬೆರಳ ತುದಿ ಬೆಳ್ಳಗಾಗ್ತದೆ, ಅಂಗಿ ಗುಂಡಿ ಹಾಕ್ಲಿಕ್ಕೆ ಹೆಂಡತಿಯನ್ನು ಕರೀಬೇಕು. ವಯಸ್ಸು ನಲವತ್ತಮೂರು. ಮಿಷನ್ ಮಾರಿಬಿಟ್ಟ. ನಡುಗುವ ಯಂತ್ರ ಬಹಳ ಕಾಲ ಹಿಡಿದವರಿಗೆ ಬರುವ ಕಾಯಿಲೆ ಇದು, ಹೊರದೇಶಗಳಲ್ಲಿ ಬಿಳಿ ಬೆರಳು ಅಂತಲೇ ಹೆಸರು. ಯುರೋಪಿನಲ್ಲಿ 2002ರಲ್ಲೇ ಕೆಲಸಗಾರನ ಕೈಗೆ ದಿನಕ್ಕೆ ಎಷ್ಟು ನಡುಕ ತಾಗಬಹುದು ಅಂತ ಮಿತಿ ಹಾಕಿ ಕಾನೂನು ಮಾಡಿದ್ರು, ಅದನ್ನು ನೋಡ್ಕೊಳ್ಳುವ ಹೊಣೆ ಕೆಲಸ ಕೊಡುವವನ ಮೇಲೆ ಹಾಕಿದ್ರು.

ಬೆಲ್ಟಿಗೂ ಬೆರಳಿಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ಭಾರ ಬೆಲ್ಟಿನ ಮೇಲೆ ಸರಿಯಾಗಿ ನಿಂತರೆ ಕೈಗೆ ಇರೋ ಕೆಲಸ ದಿಕ್ಕು ತೋರಿಸೋದು ಅಷ್ಟೇ. ಹಿಡಿ ಸಡಿಲ ಇರ್ತದೆ. ಭಾರ ಕೈಮೇಲೆ ಬಂದ್ರೆ ಹಿಡಿ ಬಿಗಿಯಾಗ್ತದೆ. ಹಿಡಿ ಬಿಗಿಯಾದಷ್ಟೂ ನಡುಕ ಎಲುಬಿಗೆ ಜಾಸ್ತಿ ಇಳೀತದೆ.

ಇನ್ನು ಸರಿಯಾದ ಬೆಲ್ಟ್ ಅಂದ್ರೆ ಏನು ಅಂತ ನಾನು ಕಂಡುಕೊಂಡಿದ್ದು ಹೇಳ್ತೇನೆ.

ಒಂದು. ಎರಡೂ ಹೆಗಲಿಗೆ ಪಟ್ಟಿ ಇರಬೇಕು, ಸೊಂಟಕ್ಕೂ ಪಟ್ಟಿ ಇರಬೇಕು. ಸೊಂಟದ ಪಟ್ಟಿಯೇ ಮುಖ್ಯ. ಅದು ಹೊಟ್ಟೆ ಮೇಲೆ ಕೂರಬಾರದು, ಟೊಂಕದ ಮೂಳೆಯ ಮೇಲೆ ಕೂರಬೇಕು. ಮನುಷ್ಯನ ಮೈಯಲ್ಲಿ ಭಾರ ಹೊರಲಿಕ್ಕೆ ಗಟ್ಟಿ ಜಾಗ ಅಂದ್ರೆ ಟೊಂಕ, ಅಲ್ಲಿಂದ ಸೀದಾ ಕಾಲಿಗೆ ಇಳೀತದೆ. ಹೆಂಗಸರು ನೀರಿನ ಕೊಡ ಟೊಂಕದ ಮೇಲೆ ಇಡೋದು ಸುಮ್ನೆ ಅಲ್ಲ. ಪರೀಕ್ಷೆ ಸುಲಭ: ಮಿಷನ್ ನೇತು ಹಾಕ್ಕೊಂಡು ನಿಂತು ಹೆಗಲ ಪಟ್ಟಿ ಅಡಿಗೆ ಎರಡು ಬೆರಳು ತೂರಿಸಿ. ಸಲೀಸಾಗಿ ಹೋದ್ರೆ ಭಾರ ಸೊಂಟಕ್ಕೆ ಇಳಿದಿದೆ. ಹೋಗದಿದ್ರೆ ಸೊಂಟದ ಪಟ್ಟಿ ಇನ್ನೂ ಬಿಗಿ ಮಾಡಿ, ಹೆಗಲದ್ದು ಸ್ವಲ್ಪ ಬಿಡಿ.

ಎರಡು. ಹುಕ್ಕಿನ ಎತ್ತರ. ಮಿಷನ್ ಸಿಕ್ಕಿಸುವ ಹುಕ್ಕು ಬಲ ಟೊಂಕದಿಂದ ಒಂದು ಅಂಗೈ ಅಗಲ ಕೆಳಗೆ ಇರಬೇಕು. ಕಂಪನಿ ಪುಸ್ತಕದಲ್ಲೂ ಹೀಗೇ ಇರ್ತದೆ, ನಾವು ಆ ಪುಸ್ತಕ ಡಬ್ಬದಿಂದ ತೆಗೆಯೋದೇ ಇಲ್ಲ. ಹುಕ್ಕು ಮೇಲಾದ್ರೆ ಮೊಣಕೈ ಎತ್ತಿಕೊಂಡೇ ಹೊಡೀಬೇಕು, ಕೆಳಗಾದ್ರೆ ಬಗ್ಗಬೇಕು. ಆರಡಿ ಹುಡುಗ ಹಾಕಿ ಬಿಟ್ಟ ಬೆಲ್ಟನ್ನು ಐದಡಿಯವನು ಹಾಗೇ ಹಾಕ್ಕೊಂಡ್ರೆ ದಿನವಿಡೀ ಕಷ್ಟ. ಪ್ರತಿಯೊಬ್ಬನಿಗೂ ಬೇರೆ ಅಳತೆ ಮಾಡಬೇಕು, ಎರಡು ನಿಮಿಷದ ಕೆಲಸ.

ಮೂರು. ತೂಕ ಹೊಂದಿಸೋದು. ಇದು ಬರೀ ತಕ್ಕಡಿ ಲೆಕ್ಕ. ಮಿಷನ್ ಏಳೂವರೆ ಕೆಜಿ ಅಂತ ಇಟ್ಕೊಳ್ಳಿ. ಅದನ್ನು ಒಂದು ಹಗ್ಗದಲ್ಲಿ ನೇತು ಹಾಕಿದ್ರೆ ಒಂದು ಜಾಗದಲ್ಲಿ ಸಮ ನಿಲ್ಲುತ್ತೆ. ಹುಕ್ಕಿನ ಕ್ಲಾಂಪು ಆ ಜಾಗದಿಂದ 10 ಸೆಂಟಿಮೀಟರ್ ಇಂಜಿನ್ ಕಡೆಗೆ ಇದ್ದು, ನಿಮ್ಮ ಹಿಡಿ ಹುಕ್ಕಿನಿಂದ 40 ಸೆಂಟಿಮೀಟರ್ ಮುಂದೆ ಇದ್ರೆ, ಏಳೂವರೆ ಗುಣಿಸು ಹತ್ತು, ಭಾಗಿಸು ನಲವತ್ತು. ಹತ್ತಿರ ಹತ್ತಿರ ಎರಡು ಕೆಜಿ ಆಯ್ತು. ಅಂದ್ರೆ ಬೆಲ್ಟ್ ಇದ್ರೂ ಎರಡು ಕೆಜಿ ಸಕ್ಕರೆ ಚೀಲ ಕೈಯಲ್ಲಿ ಹಿಡ್ಕೊಂಡು ದಿನವಿಡೀ ಬೀಸಿದ ಹಾಗೆ! ಒಂದು ಬೋಲ್ಟ್ ಸಡಿಲ ಮಾಡಿ ನಾಲ್ಕು ಬೆರಳು ಸರಿಸಿದ್ರೆ ಇಳಿದು ಹೋಗುವ ಭಾರ ಅದು.

ಮಾಡುವ ಕ್ರಮ: ಇಂಜಿನ್ ಬಂದ್ ಇರಬೇಕು, ಬ್ಲೇಡಿಗೆ ಕವರ್ ಹಾಕಿ. ಟ್ಯಾಂಕ್ ಅರ್ಧ ತುಂಬಿಸಿ. ಬೆಲ್ಟ್ ಹಾಕ್ಕೊಂಡು ಮಿಷನ್ ಸಿಕ್ಕಿಸಿ ಕೈ ಬಿಡಿ. ಹುಲ್ಲಿನ ಬ್ಲೇಡು ಅಥವಾ ದಾರದ ತಲೆ ಆದ್ರೆ ಅದು ಮೆಲ್ಲಗೆ ನೆಲ ಮುಟ್ಟಿ ನಿಲ್ಲಬೇಕು. ಗಿಡಗಂಟಿ ಕಡಿಯುವ ಗರಗಸದ ಬ್ಲೇಡು ಆದ್ರೆ ನೆಲದಿಂದ ಸುಮಾರು 20 ಸೆಂಟಿಮೀಟರ್ ಮೇಲೆ ತೇಲಬೇಕು. ನಿಲ್ಲದಿದ್ರೆ ಕ್ಲಾಂಪು ಹಿಂದೆ ಮುಂದೆ ಸರಿಸಿ. ಅರ್ಧ ಟ್ಯಾಂಕ್ ಯಾಕೆ ಅಂದ್ರೆ, ಟ್ಯಾಂಕ್ ಇರೋದು ಹಿಂದಿನ ತುದಿಯಲ್ಲಿ. ಆರುನೂರು ಎಂಎಲ್ ಪೆಟ್ರೋಲ್ ಅಂದ್ರೆ ಹತ್ತಿರ ನಾನೂರೈವತ್ತು ಗ್ರಾಂ. ತುಂಬಿದಾಗ ಹಿಂದೆ ಭಾರ, ಖಾಲಿ ಆಗ್ತಾ ಮುಂದೆ ಭಾರ. ನಡುವಿನಲ್ಲಿ ಹೊಂದಿಸಿದ್ರೆ ಎರಡೂ ಕಡೆಗೆ ಹೆಚ್ಚು ವ್ಯತ್ಯಾಸ ಆಗಲ್ಲ. ನಂತರ ಸರಿಯಾದ ಜಾಗಕ್ಕೆ ಪೈಪಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿ ಇಡಿ. ಬ್ಲೇಡ್ ತೆಗೆದು ದಾರದ ತಲೆ ಹಾಕಿದ್ರೆ ತೂಕ ಬದಲಾಗ್ತದೆ, ಅದಕ್ಕೆ ಇನ್ನೊಂದು ಬಣ್ಣದ ಗುರುತು.

ನಾಲ್ಕು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಇದರಲ್ಲಿ ರಾಜಿ ಬೇಡ. ನಮ್ಮ ಮಲೆನಾಡಿನ ತೋಟದಲ್ಲಿ ಹುಲ್ಲಿನ ಅಡಿ ಕಡಜದ ಗೂಡು ಇರೋದು ಹೊಸದಲ್ಲ. ಬ್ಲೇಡು ತಾಗಿದ ಮರುಕ್ಷಣ ಮುಖಕ್ಕೇ ಬರ್ತವೆ. ಆಗ ಎಂಟು ಕೆಜಿ ಮಿಷನ್ ಮೈಗೆ ಕಟ್ಟಿಕೊಂಡು ಓಡ್ಲಿಕ್ಕೆ ಆಗಲ್ಲ. ಇಂಜಿನ್ನಿಗೆ ಬೆಂಕಿ ಹತ್ತಿದ್ರೂ, ಕಾಲುವೆಗೆ ಜಾರಿದ್ರೂ ಇದೇ ಮಾತು. ಕೆಲವರು ಹುಕ್ಕು ತುಂಡಾಗಿದೆ ಅಂತ ಪ್ಲಾಸ್ಟಿಕ್ ಹಗ್ಗದಲ್ಲಿ ಗಂಟು ಹಾಕಿ ಕಟ್ಟಿಕೊಳ್ತಾರೆ, ಬೈಂಡಿಂಗ್ ವೈರ್ ಸುತ್ತುತ್ತಾರೆ. ದಯವಿಟ್ಟು ಬೇಡ. ಬಿಚ್ಚುವ ಕ್ಲಿಪ್ಪಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ. ಕೆಲಸ ಶುರು ಮಾಡುವ ಮುಂಚೆ ದಿನಾ ಒಂದು ಸಲ, ಇಂಜಿನ್ ಬಂದ್ ಇರುವಾಗ, ಕಣ್ಣು ಮುಚ್ಚಿ ಎಳೆದು ನೋಡಿ. ಕೈಗೆ ಅಭ್ಯಾಸ ಆಗಿರಬೇಕು.

ಎರಡು ಹೆಗಲಿನ ಬೆಲ್ಟ್ ಪೇಟೆಯಲ್ಲಿ ಸಿಗ್ತದೆ. ಸಾಧಾರಣ ಒಳ್ಳೇದು ಐನೂರರಿಂದ ಎರಡು ಸಾವಿರದೊಳಗೆ ಬರ್ತದೆ. ಬೇಡ, ನಾವೇ ಮಾಡಿಸ್ತೇವೆ ಅನ್ನುವವರಿಗೆ ಅದೂ ಆಗ್ತದೆ. ಟಾರ್ಪಾಲು, ಹಗ್ಗ ಮಾರುವ ಅಂಗಡಿಯಲ್ಲಿ ಎರಡು ಇಂಚು ಅಗಲದ ನೈಲಾನ್ ಪಟ್ಟಿ ಸಿಗ್ತದೆ. ಗುಜರಿಯಲ್ಲಿ ಹಳೇ ಕಾರಿನ ಸೀಟ್ ಬೆಲ್ಟ್ ಸಿಕ್ಕಿದ್ರೆ ಅದು ಇನ್ನೂ ಗಟ್ಟಿ, ಬಿಸಿಲಿಗೆ ಸವೆದು ನೂಲು ಎದ್ದದ್ದು ಮಾತ್ರ ಬೇಡ. ಹೆಗಲಿಗೆ ಮೂರು ಇಂಚು ಅಗಲದ ಮೆತ್ತೆ ಬೇಕು. ಯೋಗಾಸನಕ್ಕೆ ಹಾಸುವ ಚಾಪೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು, ನೀರು ಕುಡಿಯಲ್ಲ, ಬೇಗ ಚಪ್ಪಟೆ ಆಗಲ್ಲ. ಸೀಟಿನ ಸ್ಪಂಜು ಹಾಕಿದ್ರೆ ಬೆವರು ಕುಡಿದು ವಾರಕ್ಕೆ ನಾರುತ್ತೆ. ಬೈಕ್ ಸೀಟು ಹೊಲಿಯುವವರ ಹತ್ತಿರ ದಪ್ಪ ನೈಲಾನ್ ದಾರ, ದೊಡ್ಡ ಸೂಜಿಯ ಮಿಷನ್ ಎರಡೂ ಇರ್ತದೆ. ಪಟ್ಟಿ ಕೂಡುವ ಕಡೆ ಚೌಕ ಹೊಲಿದು ಒಳಗೆ ಗುಣಾಕಾರದ ಗುರುತಿನ ಹಾಗೆ ಹೊಲಿಗೆ ಹಾಕಲಿಕ್ಕೆ ಹೇಳಿ. ತುದಿ ಕತ್ತರಿಸಿದ ಮೇಲೆ ಬೆಂಕಿಕಡ್ಡಿ ತೋರಿಸಿದ್ರೆ ನೂಲು ಬಿಚ್ಚಲ್ಲ. ಹಿಂದೆ ಬೆನ್ನಿನಲ್ಲಿ ಎರಡೂ ಪಟ್ಟಿ ಅಡ್ಡ ದಾಟಿದ್ರೆ ಹೆಗಲಿಂದ ಜಾರಲ್ಲ. ಬಲ ತೊಡೆಗೆ ಅಂಗೈಗಿಂತ ದೊಡ್ಡ ಗಟ್ಟಿ ಹಲಗೆಯಂಥ ಮೆತ್ತೆ ಇರಲಿ, ಇಲ್ಲದಿದ್ರೆ ಪೈಪು ತೊಡೆಗೆ ಉಜ್ಜಿ ಕಪ್ಪು ಕಟ್ಟುತ್ತೆ. ಇಷ್ಟೆಲ್ಲ ಊರಲ್ಲಿ ಮಾಡಿಸಬಹುದು. ಹುಕ್ಕು ಮತ್ತೆ ಬಿಚ್ಚುವ ಕ್ಲಿಪ್ಪು ಮಾತ್ರ ವೀಡ್ ಕಟರಿಗೆ ಅಂತಲೇ ಬರೋದನ್ನು ಅಂಗಡಿಯಿಂದ ತನ್ನಿ.

ಕೆಲವರು ಸೈಕಲ್ ಟ್ಯೂಬಿನಲ್ಲಿ ನೇತು ಹಾಕಿದ್ರೆ ಮೆತ್ತಗಿರ್ತದೆ ಅಂತಾರೆ. ಈ ಉಪಾಯ ಎಲ್ಲಿಂದ ಬಂತು ಅಂತ ನನಗೊಂದು ಅಂದಾಜಿದೆ. ಆಸ್ಟ್ರೇಲಿಯಾದ ಬಯಲಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಚಿನ್ನದ ಗಟ್ಟಿ ಹುಡುಕುವವರ ವಿಡಿಯೋ ಫೋನಿನಲ್ಲಿ ಬೇಕಾದಷ್ಟಿದೆ. ಅವರದೂ ಉದ್ದ ಪೈಪಿನ ಯಂತ್ರ, ಅವರೂ ದಿನವಿಡೀ ಎಡಕ್ಕೆ ಬಲಕ್ಕೆ ಬೀಸಬೇಕು. ಭಾರದ ಮಿಷನ್ ಇದ್ದವರು ಬ್ಯಾಟರಿ ಬೆನ್ನಿಗೆ ಹಾಕ್ಕೊಂಡು, ಎರಡು ಹೆಗಲು ಸೊಂಟದ ಬೆಲ್ಟ್ ಕಟ್ಟಿ, ಹೆಗಲಿಂದ ರಬ್ಬರ್ ಹಗ್ಗದಲ್ಲಿ ಯಂತ್ರ ನೇತು ಹಾಕ್ತಾರೆ. ಎರಡು ಬೆರಳಲ್ಲಿ ದೂಡಿದ್ರೆ ಸಾಕು, ತೂಗ್ತದೆ. ಬೆಲ್ಟಿನ ಪಾಠ ಅವರಿಂದ ಕಲೀಬೇಕು, ಒಪ್ತೇನೆ. ಆದ್ರೆ ಅವರ ಪೈಪಿನ ತುದಿಯಲ್ಲಿ ಇರೋದು ತಟ್ಟೆಯಂಥ ಕಾಯಿಲ್, ಕಾಲಿಗೆ ತಾಗಿದ್ರೆ ಏನೂ ಆಗಲ್ಲ. ನಮ್ಮದರ ತುದಿಯಲ್ಲಿ ತಿರುಗ್ತಾ ಇರೋದು ಬ್ಲೇಡು. ರಬ್ಬರಿನಲ್ಲಿ ನೇತು ಹಾಕಿ ಕಲ್ಲಿಗೆ ತಾಗಿದ್ರೆ ಪುಟಿದು ಎಲ್ಲಿಗೆ ಬರ್ತದೆ ಹೇಳಲಿಕ್ಕಾಗಲ್ಲ. ಹಾಗಾಗಿ ಟ್ಯೂಬ್ ಬೇಡ, ಎಳೆದ್ರೆ ಹಿಗ್ಗದ ಪಟ್ಟಿಯೇ ಬೇಕು.

ಔಷಧಿ ಹೊಡೆಯುವ ಕ್ಯಾನಿಗೂ ಇದೇ ಮಾತು ಅನ್ವಯ. 16 ಲೀಟರ್ ಕ್ಯಾನ್ ಅಂದ್ರೆ ನೀರೇ 16 ಕೆಜಿ, ಬ್ಯಾಟರಿ ಕ್ಯಾನ್ ಆದ್ರೆ ಅದರ ಭಾರ ಬೇರೆ. ಕೊಡುವ ಪಟ್ಟಿ ಮಾತ್ರ ಒಂದೂವರೆ ಇಂಚು, ಸೊಂಟಕ್ಕೆ ಏನೂ ಇಲ್ಲ. ವೀಡ್ ಕಟರಿನ ಎರಡರಷ್ಟು ಭಾರಕ್ಕೆ ಅದಕ್ಕಿಂತ ಸಣ್ಣ ಪಟ್ಟಿ. ಅದಕ್ಕೂ ಒಂದು ಸೊಂಟದ ಪಟ್ಟಿ ಹೊಲಿಸಿ ನೋಡಿ, ಆಮೇಲೆ ನನಗೆ ಹೇಳಿ.

ಈಗ ಇದರ ವಿರುದ್ಧ ಹೇಳುವವರ ಮಾತು. ಸೆಕೆ ಆಗ್ತದೆ ಅಂತಾರೆ. ನಿಜ, ಬೆನ್ನಿಗೆ ಇಡೀ ಮುಚ್ಚುವ ಮೆತ್ತೆ ಇರೋದು ಬೇಡ, ಬಲೆಯಂಥದ್ದು ತಗೊಳ್ಳಿ. ಧರೆ ಹತ್ತಿ ಇಳಿಯುವಲ್ಲಿ, ಗದ್ದೆ ಅಂಚಿನಲ್ಲಿ ತೊಡಕು ಅಂತಾರೆ. ಅದೂ ಸ್ವಲ್ಪ ಮಟ್ಟಿಗೆ ಸರಿ. ಅಲ್ಲಿಗೆ ನಾಲ್ಕೈದು ಕೆಜಿಯ ಸಣ್ಣ ಮಿಷನ್ ಒಂದೇ ಪಟ್ಟಿಯಲ್ಲಿ ಸಾಕು. ಅರ್ಧ ಗಂಟೆ ಮನೆ ಹಿಂದೆ ಹೊಡೀಲಿಕ್ಕೂ ಇಷ್ಟೆಲ್ಲ ಬೇಕಿಲ್ಲ. ನಾನು ಹೇಳ್ತಿರೋದು ದಿನಗೂಲಿ ಕೆಲಸಕ್ಕೆ, ಎಕರೆಗಟ್ಟಲೆ ತೋಟಕ್ಕೆ. ಇನ್ನು ಮೂರನೇ ಮಾತು, "ನಮ್ಮ ಹುಡುಗ್ರು ಗಟ್ಟಿ ಇದ್ದಾರೆ ಮಾರಾಯ್ರೆ, ಅವರಿಗೇನೂ ಆಗಲ್ಲ" ಅನ್ನೋದು. ಇದನ್ನು ಮಾತ್ರ ಒಪ್ಪಲ್ಲ. ಇಪ್ಪತ್ತೈದರ ಹುಡುಗ ಗಟ್ಟಿಯೇ ಇರ್ತಾನೆ. ಲೆಕ್ಕ ನೋಡಬೇಕಾದ್ದು ಅವನಿಗೆ ನಲವತ್ತಾದಾಗ.

ಇದು ಬರೀ ಕರುಣೆಯ ಮಾತು ಅಂತ ತಿಳೀಬೇಡಿ, ನಮ್ಮ ಸ್ವಾರ್ಥವೂ ಇದೆ. ಕಳೆ ಹೊಡೆಯುವ ಜನ ವರ್ಷ ವರ್ಷ ಕಡಿಮೆ ಆಗ್ತಿದ್ದಾರೆ. ಮಿಷನ್ ಸಮೇತ ಬರುವವನಿಗೆ ದಿನಕ್ಕೆ ಸಾವಿರದ ಮೇಲೆ ಕೊಟ್ಟರೂ ವಾರ ಕಾಯಬೇಕು. ಇರುವವರ ಸೊಂಟವೂ ಹೋದ್ರೆ ನಮಗೆ ಉಳಿಯೋದು ಕಳೆನಾಶಕ ಒಂದೇ. ಕಳೆನಾಶಕ ಹೊಡೆದ ತೋಟದ ನೆಲ ಮಳೆಗಾಲದಲ್ಲಿ ಬೋಳಾಗಿ ಮೇಲ್ಮಣ್ಣು ಕೊಚ್ಚಿ ಹೋಗೋದು ನಾವೇ ನೋಡ್ತಾ ಇದ್ದೇವೆ. ಕತ್ತರಿಸಿದ ಹುಲ್ಲು ಬುಡದಲ್ಲಿ ಬಿದ್ದು ಕೊಳೆತರೆ ಗೊಬ್ಬರ, ಬೇರು ಮಣ್ಣು ಹಿಡ್ಕೊಂಡಿರ್ತದೆ. ಆ ಹುಲ್ಲು ಕತ್ತರಿಸುವ ಮನುಷ್ಯ ಉಳಿಬೇಕಾದ್ರೆ ಅವನ ಬೆನ್ನು ಉಳಿಬೇಕು.

ಹಾಗಾಗಿ ನನ್ನ ಸಲಹೆ ಒಂದೇ. ಪ್ರತಿ ತೋಟದ ಮನೆಯಲ್ಲಿ ಒಂದು ಎರಡು ಹೆಗಲಿನ ಬೆಲ್ಟ್ ಇರಲಿ, ನಿಮ್ಮ ಹತ್ತಿರ ಮಿಷನ್ ಇಲ್ಲದಿದ್ರೂ ಇರಲಿ. ಕೆಲಸಕ್ಕೆ ಬಂದವನಿಗೆ ಚಾ ಕೊಡ್ತೇವಲ್ಲ, ಅದರ ಜೊತೆಗೇ ಬೆಲ್ಟ್ ಕೊಡಿ. ಅವನ ಅಳತೆಗೆ ಹೊಂದಿಸ್ಲಿಕ್ಕೆ ಎರಡು ನಿಮಿಷ ನಿಲ್ಲಿ. ಒಂದು ಟ್ಯಾಂಕ್ ಮುಗಿದ ಮೇಲೆ ಬೆಲ್ಟ್ ಬಿಚ್ಚಿ ಹತ್ತು ನಿಮಿಷ ಕೂರು ಅಂತ ಯಜಮಾನನೇ ಹೇಳಬೇಕು, ಅವನಾಗಿ ಕೂತರೆ ಮೈಗಳ್ಳ ಅಂತಾರೆ ಅನ್ನೋ ಹೆದರಿಕೆ ಅವನಿಗಿರ್ತದೆ. ಹೊಸ ಮಿಷನ್ ತಗೊಳ್ಳುವವರು, ಸಹಾಯಧನದಲ್ಲಿ ಆಗಲಿ ಪೂರ್ತಿ ದುಡ್ಡು ಕೊಟ್ಟಾಗಲಿ, ಡಬ್ಬದಲ್ಲಿ ಯಾವ ಬೆಲ್ಟ್ ಇದೆ ಅಂತ ಬಿಚ್ಚಿಸಿ ನೋಡಿ, ಒಂದೇ ಪಟ್ಟಿಯದಾದ್ರೆ ಎರಡು ಹೆಗಲಿನದು ಕೇಳಿ. ಹತ್ತು ಜನ ಕೇಳಿದ್ರೆ ಅಂಗಡಿಯವರು ತಾವೇ ತರಿಸ್ತಾರೆ. ನಮ್ಮ ಸಹಕಾರಿ ಸಂಘದ ಮುಂದಿನ ಸಭೆಯಲ್ಲಿ, ಗೊಬ್ಬರ ಔಷಧಿ ಜೊತೆ ಬೆಲ್ಟೂ ಇಡಿ ಅಂತ ನಾನು ಕೇಳುವವನಿದ್ದೇನೆ, ನೀವೂ ದನಿ ಸೇರಿಸಿ.

ನಿಮ್ಮೂರಲ್ಲಿ ಚೆನ್ನಾಗಿ ಬೆಲ್ಟ್ ಹೊಲಿದು ಕೊಡುವವರು ಇದ್ರೆ ಯಾವ ಊರು, ಎಷ್ಟು ಖರ್ಚಾಯ್ತು ತಿಳಿಸಿ. ಬೇರೆ ರೀತಿ ಹೊಂದಿಸಿಕೊಂಡವರು ಫೋಟೋ ಹಾಕಿ. ಒಪ್ಪದವರೂ ಬರೀರಿ, ಆದ್ರೆ ಬರೆಯೋ ಮೊದಲು ಆ ಒಂದೇ ಪಟ್ಟಿ ಬೆಲ್ಟ್ ಹಾಕ್ಕೊಂಡು ಎರಡು ಟ್ಯಾಂಕ್ ಹೊಡೆದು ಬನ್ನಿ.